ಕೌದಿ ಹೊಲಿದವರ ಹೆಸರು



ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಿದ್ದಾಗ ಓದಿ. ಒಂದು ಕೌದಿ ಬಗ್ಗೆ ಬರೆಯೋಕೆ ಕೂತೆ, ಅದು ಐಹೊಳೆಯ ಶಾಸನದವರೆಗೂ ಎಳಕೊಂಡು ಹೋಯ್ತು.

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಒಂದು ದೊಡ್ಡ ಕರಕುಶಲ ಅಂಗಡಿ ಹೊಕ್ಕೆ. ಒಳಗೆ ಗೋಡೆ ಮೇಲೆ ಒಂದು ಕೌದಿ ನೇತುಹಾಕಿದ್ರು. ಕೆಂಪು ದಡಿಯ ಇಳಕಲ್ ಸೀರೆ ತುಂಡುಗಳು, ನಡುವೆ ಹಸಿರು ಖಣದ ಚೌಕ, ಬೆರಳಿನಷ್ಟು ಅಂತರಕ್ಕೊಂದು ಹೊಲಿಗೆಯ ಸಾಲು. ನೋಡಿದ ಕೂಡಲೇ ಇದು ನಮ್ಮ ಹುನಗುಂದ ಕಡೆಯದು ಅನ್ನಿಸಿತು. ಚೀಟಿಯಲ್ಲಿ ಬೆಲೆ 9,500 ರೂಪಾಯಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಉತ್ತರ ಕರ್ನಾಟಕದ ಹಳೆಯ ಕೌದಿ, ಹೊಲಿದವರು ಗೊತ್ತಿಲ್ಲ.

ನಮ್ಮವ್ವ ಮೂವತ್ತು ವರ್ಷ ಕೌದಿ ಹೊಲಿದಾಳೆ. ನಾನು ಪಿಯುಸಿ ಓದುವಾಗ ಒಂದು ಕೌದಿಗೆ ಆಕೆಗೆ ಸಿಗ್ತಿದ್ದದ್ದು 200 ರೂಪಾಯಿ. ಕೆಲವು ಮನೆಯವರು ರೊಕ್ಕದ ಬದಲು ಜೋಳ ಅಳೀತಿದ್ರು. ಅಂಗಡಿಯಿಂದ ಹೊರಗೆ ಬಂದು ಫೋನ್ ಮಾಡಿದೆ.

"ಅವ್ವಾ, ನೀ ಹೊಲಿಯೂವಂಥಾ ಕೌದಿ ಇಲ್ಲಿ ಒಂಬತ್ತೂವರಿ ಸಾವಿರಕ್ಕ ಇಟ್ಟಾರ ನೋಡು."

ಆಕೆ ಬೆಲೆ ಬಗ್ಗೆ ಏನೂ ಅನ್ನಲಿಲ್ಲ. ಕೇಳಿದ್ದು ಒಂದೇ ಮಾತು: "ಯಾರು ಹೊಲದಿದ್ದಂತ ಯವ್ವಾ?"

ಅಂಗಡಿಯವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರಾನೂ ಇರಲಿಲ್ಲ. ಈ ಪೋಸ್ಟು ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಮೊದಲು ಐಹೊಳೆ. ನಮ್ಮೂರಿಂದ ಮಲಪ್ರಭೆ ದಂಡೆ ಹಿಡಿದು ಹೋದ್ರೆ ಸಿಗುವ ಊರು. ನೂರಕ್ಕೂ ಹೆಚ್ಚು ಗುಡಿಗಳಿವೆ. ಅಲ್ಲಿ ಹೆಸರುಗಳಿಗೆ ಬರ ಇಲ್ಲ. ಮೇಗುತಿ ಗುಡ್ಡದ ಮೇಲಿನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ ಇದೆ. ರವಿಕೀರ್ತಿ ಅನ್ನೋ ಕವಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನೆಲ್ಲ ಹೊಗಳಿ, ಕೊನೆಗೆ ತಾನೂ ಕಾಳಿದಾಸ, ಭಾರವಿಯರಿಗೆ ಸಮ ಅಂತ ತನ್ನ ಹೆಸರನ್ನೂ ಅದೇ ಕಲ್ಲಿಗೆ ಹಾಕಿಸಿಕೊಂಡಿದ್ದಾನೆ. ಹುಚ್ಚಪ್ಪಯ್ಯ ಗುಡಿಯ ಶಾಸನ ನರಸೊಬ್ಬ ಅನ್ನೋ ಕಟ್ಟಡಗಾರನನ್ನು ಹೊಗಳುತ್ತೆ, ಅವನಂಥವನು ಜಂಬೂದ್ವೀಪದಲ್ಲೇ ಇಲ್ಲ ಅಂತ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಹೆಂಗೆ ಗೊತ್ತಾ? ಲಾಡಖಾನ್ ಅನ್ನೋರು ಎಷ್ಟೋ ಶತಮಾನದ ಮೇಲೆ ಆ ಗುಡಿಯಲ್ಲಿ ಕೆಲಕಾಲ ವಾಸ ಮಾಡಿದ್ರು, ಅಷ್ಟೇ. ಬರೆಸಿದವನು, ಕಟ್ಟಿದವನು, ಬಂದು ಇದ್ದು ಹೋದವನು, ಎಲ್ಲರ ಹೆಸರೂ ಉಳಿದಿದೆ.

ಐಹೊಳೆಯ ಎಲ್ಲಕ್ಕಿಂತ ದೊಡ್ಡ ಹೆಸರು ಐನೂರ್ವರದು. ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘ ಈ ಊರಿನ ಹೆಸರನ್ನು ಹೊತ್ತುಕೊಂಡು ದಕ್ಷಿಣ ಭಾರತದ ತುಂಬ ವ್ಯಾಪಾರ ಮಾಡಿತು. ಕರ್ನಾಟಕ, ಆಂಧ್ರ, ತಮಿಳುನಾಡು, ಎಲ್ಲ ಕಡೆ ಅವರ ಶಾಸನಗಳಿವೆ. ಸಮುದ್ರದಾಚೆ ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ ಸಿಕ್ಕಿರುವ 1088ರ ತಮಿಳು ಶಾಸನವೂ ಐನೂರ್ವರದೇ. ಅವರು ಸಾಗಿಸಿದ ಮಾಲಿನಲ್ಲಿ ಬಟ್ಟೆಯೂ ಇತ್ತು. ಈ ಐನೂರ್ವರನ್ನು ನಾನು ಸುಮ್ಮನೆ ಬೈಯೋಕೆ ಹೋಗಲ್ಲ. ಸಂಘ ಕಟ್ಟಿದ್ರೆ ಏನೇನು ಸಿಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ದಾರಿಗೆ ಕಾವಲು, ಮಾಲಿಗೆ ಬೆಲೆ, ಹೋದ ಊರಲ್ಲೆಲ್ಲ ಒಂದು ಮರ್ಯಾದೆ. ನಮ್ಮೂರ ಪಕ್ಕದ ಆ ಪಾಠವನ್ನು ನಮ್ಮ ಕೇರಿಗೆ ಯಾರೂ ಹೇಳಿಕೊಡಲಿಲ್ಲ, ಅಷ್ಟೇ ನನ್ನ ತಕರಾರು.

ಬಟ್ಟೆಯ ಇತಿಹಾಸದಲ್ಲಿ ನಮ್ಮವರು ಇರಲೇ ಇಲ್ಲ ಅಂದುಕೊಳ್ಳಬೇಡಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಇಂಗ್ಲಿಷ್ ಕಂಪನಿಯ ವೈದ್ಯ, ಬೆಂಗಳೂರಿನ ನೇಕಾರರನ್ನು ಲೆಕ್ಕ ಹಾಕುವಾಗ ಹೊಲೆಯರನ್ನೂ ಸೇರಿಸುತ್ತಾನೆ. ಅವರು ನೇಯುತ್ತಿದ್ದದ್ದು ಒರಟಾದ, ಗಟ್ಟಿ ಬಿಳಿ ಬಟ್ಟೆ. ಆದರೆ ಅಲ್ಲಿ ಬಂದದ್ದು ಜಾತಿಯ ಹೆಸರು. ಮನುಷ್ಯರ ಹೆಸರು ಬರಲಿಲ್ಲ.

ಈಗ ನಮ್ಮ ಸೀಮೆಗೆ ಬನ್ನಿ. ಇಳಕಲ್ಲಿನ ಸೀರೆ ಎಲ್ಲರಿಗೂ ಗೊತ್ತು. ಒಡಲಿಗೊಂದು ಹಾಸು, ಸೆರಗಿಗೆ ಬೇರೆ ಹಾಸು, ಎರಡನ್ನೂ ಎಳೆಗೆ ಎಳೆ ಕೂಡಿಸಿ ನೇಯೋದು ಅಲ್ಲಿನ ಕಸುಬು. ಅದರ ಕೆಂಪು ಸೆರಗಿನಲ್ಲಿ ಜೋಳದ ತೆನೆಯ ಗುರುತಿದೆ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯ್ತಾರೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ ಮಾನ್ಯತೆ ಸಿಕ್ಕಿದೆ. ಒಳ್ಳೇದೇ ಆಯ್ತು, ನೇಕಾರರ ಬದುಕೂ ಹೂವಿನ ಹಾಸಿಗೆಯೇನಲ್ಲ. ಆದರೆ ಆ ಸೀರೆ ಉಟ್ಟು ಉಟ್ಟು ಹರಿದ ಮೇಲೆ ಏನಾಗುತ್ತೆ? ಅಲ್ಲಿಂದ ಕೌದಿಯ ಚರಿತ್ರೆ ಶುರು. ಆ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ.

ಕೌದಿ ಹೊಲಿಯೋದನ್ನು ನೋಡದವರಿಗಾಗಿ ಹೇಳ್ತೀನಿ. ಬಿಳಿಜೋಳದ ರಾಶಿ ಮುಗಿದು ಮಳೆ ಶುರುವಾಗೋ ಮುಂಚಿನ ಬ್ಯಾಸಿಗೆ ದಿನಗಳೇ ಕೌದಿಯ ದಿನಗಳು. ಆಗ ಹೊಲದಲ್ಲಿ ಕೂಲಿ ಇರಲ್ಲ. ಒಂದು ಗಟ್ಟಿ ಹಳೇ ಸೀರೆಯನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡ್ತಾರೆ. ಅದರ ಮೇಲೆ ಹರಿದ ಧೋತರ, ಹಳೇ ಅಂಗಿ, ಲಂಗದ ತುಂಡು, ಏನು ಸಿಕ್ಕರೆ ಅದು, ಪದರದ ಮೇಲೆ ಪದರ. ಎಲ್ಲೂ ಗಂಟು ಗಂಟಾಗದಂಗೆ ಕೈಯಿಂದ ಸವರಿ ಸವರಿ ಹರವಬೇಕು. ಮೇಲಿನ ಪದರದಲ್ಲಿ ಚಂದ ಇರೋ ತುಂಡುಗಳು. ಆಮೇಲೆ ದಬ್ಬಳ ಹಿಡಿದು ಅಂಚಿನಿಂದ ಸಾಲು ಸಾಲು ಹೊಲಿಗೆ. ಒಬ್ಬಳೇ ಕೂತ್ರೆ ಹದಿನೈದು ದಿನ. ನಾಲ್ಕು ಜನ ನಾಲ್ಕು ಕಡೆ ಕೂತ್ರೆ ನಾಲ್ಕೈದು ದಿನ.

ಆ ನಾಲ್ಕು ಜನ ಕೂರೋದು ಇದೆಯಲ್ಲ, ನಮ್ಮ ಕೇರಿಯ ಹೆಂಗಸರ ಸಭೆ ಅಂದ್ರೆ ಅದೇ. ಯಾರ ಗಂಡ ಕುಡಿದು ಬಡಿದ, ಯಾವ ಗೌಡರ ಮನೆಯಲ್ಲಿ ಕೂಲಿ ಬಾಕಿ ಇದೆ, ಯಾರ ಮಗಳಿಗೆ ಹಾಸ್ಟೆಲ್ ಸಿಕ್ಕಿತು, ಎಲ್ಲ ಅಲ್ಲೇ. ನಮ್ಮ ಓಣಿಯ ಒಬ್ಬ ಹುಡುಗಿಯ ಮದುವೆಯನ್ನು ಹದಿನಾಲ್ಕು ವರ್ಷಕ್ಕೇ ಮಾಡೋಕೆ ಹೊರಟಾಗ ನಿಲ್ಲಿಸೋ ಮಾತು ಮೊದಲು ಹುಟ್ಟಿದ್ದು ಕೌದಿಯ ಸುತ್ತಲೇ. ಗಂಡಸರ ಪಂಚಾಯ್ತಿಕಟ್ಟೆಗೆ ಅದು ಆಮೇಲೆ ಬಂತು.

ಕೌದಿ ಬರೀ ನಮ್ಮ ಕೇರಿಯದು ಅಂತ ನಾನು ಹೇಳ್ತಿಲ್ಲ. ಗೊಂದಳಿಗರ ಹೆಂಗಸರು ಊರೂರು ತಿರುಗಿ ಹೊಲಿದುಕೊಡ್ತಾರೆ. ಎಲ್ಲ ಜಾತಿಯ ಮನೆಗಳಲ್ಲೂ ಅಜ್ಜಿಯರು ಮೊಮ್ಮಕ್ಕಳಿಗೆ ಹೊಲಿದಿದ್ದಾರೆ. ಆದರೆ ಅಜ್ಜಿ ಮೊಮ್ಮಗನಿಗೆ ಹೊಲಿಯೋದು ಬೇರೆ, ಹೊಟ್ಟೆಗಾಗಿ ಇನ್ನೊಬ್ಬರ ಹಾಸಿಗೆ ಹೊಲಿಯೋದು ಬೇರೆ. ನಮ್ಮವ್ವನಿಗೆ ಹಳೇ ಸೀರೆಯ ಗಂಟನ್ನು ಕಟ್ಟೆ ಮೇಲಿಂದ ಎಸೀತಿದ್ರು. ಹೊಲಿದು ಒಯ್ದು ಕೊಟ್ಟ ಮೇಲೆ ಅದನ್ನು ಹೊಳೆಯಲ್ಲಿ ಒಂದು ಸಲ ಅದ್ದಿ ತೆಗೆದೇ ಒಳಗೆ ಒಯ್ತಿದ್ರು. ಯಾಕೆ ಅಂತ ಸಣ್ಣವಳಿದ್ದಾಗ ಕೇಳಿದ್ದೆ. "ಹೊಲಿದ ಕೈ ಮೈಲಿಗಿ ಅಂತ. ಅದರಾಗ ಬರೂ ನಿದ್ದಿಗೆ ಮೈಲಿಗಿ ಇಲ್ಲೇನೋ" ಅಂತ ನಕ್ಕಿದ್ಲು. ಆ ನಗು ನನಗೆ ಅರ್ಥ ಆಗಲು ಹದಿನೈದು ವರ್ಷ ಬೇಕಾಯ್ತು.

ಹಳೇ ಬಟ್ಟೆಯ ವಿಷಯ ನಮಗೆ ಸಣ್ಣದಲ್ಲ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸುತ್ತೆ. ಅದೇ ಅಧ್ಯಾಯ ಸೇವೆ ಮಾಡೋ ಶೂದ್ರನಿಗೆ ಕೊಡಬೇಕಾದದ್ದು ಉಂಡು ಉಳಿದ ಅನ್ನ, ಉಟ್ಟು ಬಿಟ್ಟ ಬಟ್ಟೆ ಅನ್ನುತ್ತೆ. ಬಟ್ಟೆಯನ್ನೇ ಬೇಲಿ ಮಾಡಿದ ಪುಸ್ತಕ ಅದು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅದನ್ನು ಸುಟ್ಟರು. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರನ್ನು ಕೂಡಿಸಿಕೊಂಡು ಮಾತಾಡಿದ್ರು. ಜಾತಿ ಗುರುತಾಗುವಂತೆ ಸೀರೆ ಉಡೋದನ್ನು ಬಿಡಿ, ಬಟ್ಟೆ ಹರಿದಿದ್ರೂ ಪರವಾಗಿಲ್ಲ ಸ್ವಚ್ಛ ಇರಲಿ ಅನ್ನೋ ಅರ್ಥದ ಮಾತು ಹೇಳಿದ್ರು. ಸುಟ್ಟದ್ದು ನಮಗೆಲ್ಲ ನೆನಪಿದೆ, ಪ್ರತಿ ವರ್ಷ ಆಚರಿಸ್ತೀವಿ. ಸೀರೆಯ ಮಾತು ಮರೆತುಬಿಟ್ಟಿದ್ದೀವಿ.

ನನ್ನದೇ ಒಂದು ತಪ್ಪು ಒಪ್ಪಿಕೊಳ್ತೀನಿ. ಹಾಸ್ಟೆಲಿಗೆ ಹೋಗುವಾಗ ಅವ್ವ ಒಂದು ಹೊಸ ಕೌದಿ ಹೊಲಿದು ಕೊಟ್ಟಿದ್ಲು. ಬೇರೆ ಹುಡುಗಿಯರ ಹತ್ತಿರ ಅಂಗಡಿಯ ರಗ್ಗು ಇದ್ದವು. ನಾನು ಕೌದಿಯನ್ನು ಟ್ರಂಕಿನ ತಳದಲ್ಲಿಟ್ಟು ಚಳಿಗಾಲ ಪೂರ್ತಿ ದುಪಟ್ಟಾ ಹೊದ್ದು ಮಲಗಿದೆ. ರಜೆಗೆ ಬಂದಾಗ ಅವ್ವ ಕೌದಿ ಬಿಚ್ಚಿ ನೋಡಿದ್ಲು. ಮಡಿಕೆ ಹಂಗೇ ಇತ್ತು. ಆಕೆ ಏನೂ ಕೇಳಲಿಲ್ಲ. ಇವತ್ತು ಅಂಗಡಿಯ ಗೋಡೆಗೆ ಹಾಕಿದ ಕೌದಿ ನೋಡಿ "ಅಯ್ಯೋ ನಮ್ಮ ಸಂಸ್ಕೃತಿ" ಅಂತ ಕಣ್ಣೀರು ಹಾಕೋ ಹಕ್ಕು ನನಗೆ ಪೂರ್ತಿ ಇಲ್ಲ.

ಹಾಗಾದ್ರೆ ಕೆಲಸ ಮಾಡುವವರ ಹೆಸರನ್ನು ಉಳಿಸಿದ ಚರಿತ್ರೆ ಎಲ್ಲೂ ಇಲ್ಲವಾ? ಇದೆ, ಅದೂ ನಮ್ಮ ತಾಲೂಕಿನ ಹತ್ತಿರದಲ್ಲೇ. ಐಹೊಳೆಯಿಂದ ದೂರವಿಲ್ಲದ ಕೂಡಲಸಂಗಮದ ನಂಟಿನ ಶರಣ ಚಳವಳಿಯನ್ನು ನೋಡಿ. ಆ ಜನರ ಹೆಸರನ್ನೊಮ್ಮೆ ಬಾಯಿಬಿಟ್ಟು ಓದಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಜೇಡರ ದಾಸಿಮಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಸೂಜಿಕಾಯಕದ ರಾಮಿತಂದೆ. ನೂಲೋಳು, ಕುಟ್ಟೋಳು, ಸೂಜಿ ಹಿಡಿಯೋನು, ಎಲ್ಲರ ಕೆಲಸವೂ ಹೆಸರಿನ ಜೊತೆಗೇ ಬಂದಿದೆ. ಐಹೊಳೆಯ ಕಲ್ಲು ಗೆದ್ದವರನ್ನೂ ದುಡ್ಡಿದ್ದವರನ್ನೂ ನೆನಪಿಟ್ಟಿತು. ಶರಣರು ದುಡಿಯೋರ ಹೆಸರು ನೆನಪಿಟ್ಟರು. ಆ ಚಳವಳಿಯಲ್ಲಿ ಹರಳಯ್ಯನಂಥವರು ಜೀವ ತೆತ್ತರು ಅನ್ನೋದೂ ನೆನಪಿರಲಿ. ಆ ಪಟ್ಟಿಯಲ್ಲಿ ಕೌದಿಯವಳು ಒಬ್ಬಳೂ ಇಲ್ಲ. ಸೇರಿಸೋದು ನಮ್ಮ ಕೆಲಸ.

ನಮ್ಮ ಕಾಲದಲ್ಲಿ ಇದನ್ನು ಮಾಡಿದವರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ವಿಷಯ ಕೇಳಿ. ಅವರ ಹಿರೀಕರು ಆಫ್ರಿಕಾದಿಂದ ಬಂದವರು, ಅನೇಕರನ್ನು ಗುಲಾಮರಾಗಿ ತಂದದ್ದು. ಅವರು ಹೊಲಿಯೋದಕ್ಕೆ ಕವಂದಿ ಅಂತಾರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂ ಇಡಬೇಕು. ಹೂ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದ್ದರಲ್ಲಿ ಅರ್ಧಚಂದ್ರ ಕಾಣಿಸೋದೂ ಉಂಟು. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ರು. ಮರುವರ್ಷ, 2004ರಲ್ಲಿ, ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರಿ ಗುಂಪು ಶುರುವಾಯ್ತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಷೋಂಬರ್ಗ್ ಕೇಂದ್ರದಲ್ಲಿ ಅವರ ಕವಂದಿಗಳ ಪ್ರದರ್ಶನ ನಡೆಯಿತು. ಅದು ಕರಿಯ ಜನರ ಚರಿತ್ರೆಗಾಗಿಯೇ ಇರುವ ಗ್ರಂಥಾಲಯ. ಕಾಡಂಚಿನ ಮನೆಯಲ್ಲಿ ಹೊಲಿದ ಹಾಸಿಗೆ, ಹಿರೀಕರ ಖಂಡದ ನೆನಪಿರೋ ಜನರ ಮುಂದೆ ಹೋಗಿ ನಿಂತಿತು.

ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಗೂ ಜಿಐ ಇದೆ. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರದ ಸುತ್ತ ಹಲವು ತಾಂಡಾಗಳ ಹೆಂಗಸರು ಕೂಡಿದ್ದಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಬಗೆಯ ಕಸೂತಿ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ಖುಷಿಯ ವಿಷಯ. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಆ 450ರಲ್ಲಿ ಒಬ್ಬಳ ಹೆಸರಾದ್ರೂ ಗೊತ್ತು? ಸಂಖ್ಯೆ ಸುದ್ದಿಯಾಯ್ತು, ಹೆಸರು ಆಗಲಿಲ್ಲ.

ಇನ್ನೂ ಒಂದು ಕಥೆ ಹೇಳಲೇಬೇಕು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ರು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂತ. ಆ ಹೋಲಿಕೆ ಕೌದಿಯಲ್ಲೂ ಇದೆ. ಅಲಬಾಮಾ ರಾಜ್ಯದಲ್ಲಿ ಒಂದು ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಅನ್ನೋ ಊರಿದೆ. ಅಲ್ಲಿನ ಅನೇಕರ ಅಡ್ಡಹೆಸರು ಪೆಟ್‌ವೇ. ತಮ್ಮ ಮುತ್ತಜ್ಜಂದಿರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ತೋಟದ ಮಾಲೀಕನ ಹೆಸರೇ ಅವರ ಅಡ್ಡಹೆಸರು. 1942ರಲ್ಲಿ ಮಿಸ್ಸೌರಿ ಪೆಟ್‌ವೇ ಅನ್ನೋ ತಾಯಿ ತೀರಿಕೊಂಡ ಗಂಡನ ಕೆಲಸದ ಬಟ್ಟೆ ಹರಿದು ಒಂದು ಕೌದಿ ಹೊಲಿದ್ಲು. ಮೊಣಕಾಲಿನ ಹತ್ತಿರ ಸವೆದ ಗುರುತು ಹಂಗೇ ಇದೆ.

1960ರ ದಶಕದಲ್ಲಿ ಆ ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಹೊರಟರು. ಹೆಸರು ಸೇರಿಸೋದು, ನೆನಪಿಟ್ಟುಕೊಳ್ಳಿ. 1962ರಲ್ಲಿ ಪಟ್ಟಣಕ್ಕೆ ಹೋಗೋ ದೋಣಿಯನ್ನೇ ನಿಲ್ಲಿಸಿದ್ರು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಆ ಸೀಮೆಯಲ್ಲಿ ಓಟಿಗೆ ಹೆಸರು ಬರೆಸಿದವರು ಕೆಲಸ ಕಳಕೊಂಡರು, ಮನೆಯಿಂದ ಹೊರಗೆ ಬಿದ್ದರು. ಆಗ, 1966ರಲ್ಲಿ, ಅಲ್ಲಿನ ಕರಿಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನೋ ಸಹಕಾರಿ ಕಟ್ಟಿದ್ರು. ಕೌದಿ ಮಾರಿದ್ರು, ಜಾಗ ಕೊಂಡರು, ಸ್ವಂತ ಹೊಲಿಗೆ ಕೇಂದ್ರ ಕಟ್ಟಿದ್ರು, ಮನೆ ಕಳಕೊಂಡ ಕುಟುಂಬಗಳಿಗೆ ಅದೇ ಜಾಗದಲ್ಲಿ ನೆಲೆ ಕೊಟ್ಟರು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳು ಹ್ಯೂಸ್ಟನ್ನಿನ ಕಲಾ ಮ್ಯೂಸಿಯಮ್ಮಿಗೆ ಹೋದವು, ಹೊಲಿದವಳ ಹೆಸರಿನ ಜೊತೆ. 2006ರಲ್ಲಿ ಅಂಚೆಚೀಟಿ ಬಂತು.

ಅಲ್ಲಿಗೆ ಸುಖಾಂತ್ಯ ಆಗಲಿಲ್ಲ. ಹೆಸರು ಬಂತು, ದುಡ್ಡಿನ ಪಾಲು ಸರಿಯಾಗಿ ಬರಲಿಲ್ಲ ಅಂತ 2007ರಲ್ಲಿ ಕೆಲವು ಹೆಂಗಸರು ಕೋರ್ಟಿಗೆ ಹೋದ್ರು, ಮರುವರ್ಷ ರಾಜಿಯಾಯ್ತು. ಅದಕ್ಕೇ ಹೇಳೋದು, ಮ್ಯೂಸಿಯಂ, ಜಿಐ, ಪ್ರದರ್ಶನ ಯಾವುದೂ ತಾನಾಗಿಯೇ ನ್ಯಾಯ ತರಲ್ಲ. ಹೆಸರು, ಲೆಕ್ಕ, ಬೆಲೆ ಮೂರೂ ಹೊಲಿಯೋರ ಕೈಯಲ್ಲೇ ಇರಬೇಕು.

ನಮ್ಮ ಚಳವಳಿಯ ಬಗ್ಗೆಯೂ ಒಂದು ಮಾತು, ಸಿಟ್ಟಾಗಬೇಡಿ. ಎಷ್ಟು ಜಾಥಾಗಳಲ್ಲಿ ನಾವು ಕೇರಿ ಕೇರಿಗಳಲ್ಲಿ ಉಳಿದಿದ್ದೀವಿ? ರಾತ್ರಿ ಮಲಗುವಾಗ ಮನೆ ಮನೆಯಿಂದ ಕೌದಿ ತಂದು ಹಾಸಿಕೊಟ್ಟವರು ಯಾರು? ಆ ಮನೆಯ ಮಕ್ಕಳು ಅವತ್ತು ಏನು ಹೊದ್ದುಕೊಂಡವು? ನಮ್ಮ ಹೋರಾಟದ ನೆನಪಿನ ಪುಸ್ತಕಗಳಲ್ಲಿ ಭಾಷಣ ಮಾಡಿದವರ ಪಟ್ಟಿ ಇದೆ. ಹಾಸಿಕೊಟ್ಟವರ ಪಟ್ಟಿ ಇಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲು ಕಡೆ ನೀರು ನುಗ್ಗಿದಾಗ ಪತ್ರಿಕೆಗಳಲ್ಲಿ ಗುಡಿಗಳ ಫೋಟೋ ಬಂದವು. ತೊಯ್ದ ಕೌದಿ ಒಣಗಿಸೋಕೆ ನಮ್ಮ ಹೆಂಗಸರು ಪಟ್ಟ ಪಾಡು ಸುದ್ದಿಯಾಗಲಿಲ್ಲ. ನೀರು ಕುಡಿದ ಕೌದಿಯನ್ನು ಒಬ್ಬಳೇ ಎತ್ತೋಕಾಗಲ್ಲ, ಗೊತ್ತಾ? ಎರಡು ಜನ ಹಿಡಿದು ಹಿಂಡಬೇಕು. ಕೂಲಿ ಅರಸಿ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವಾಗ ಗಂಟಿನಲ್ಲಿ ಮೊದಲು ಕಟ್ಟೋದೂ ಅದನ್ನೇ.

ಬಡತನಕ್ಕೆ ಬಣ್ಣ ಹಚ್ಚೋಕೆ ನಾನು ಇದನ್ನು ಬರೀತಿಲ್ಲ. ನಮ್ಮ ಮಕ್ಕಳಿಗೆ ಒಳ್ಳೆ ರಗ್ಗು ಬೇಕು, ಓದು ಬೇಕು, ಕೌದಿ ಹೊಲಿಯೋದು ಯಾವ ಹುಡುಗಿಯ ಹಣೆಬರಹವೂ ಆಗಬಾರದು. ಆದರೆ ಹೊಲಿದವರು ಹೊಲಿದದ್ದಕ್ಕೆ ಲೆಕ್ಕ ಬೇಕು.

ಹೋದ ತಿಂಗಳು ಊರಿಗೆ ಬಂದ ಮೇಲೆ ನಮ್ಮ ಕೇರಿಯ ಹನ್ನೊಂದು ಹೆಂಗಸರು ಸಮುದಾಯ ಭವನದಲ್ಲಿ ಕೂತ್ವಿ. ಪ್ರತಿ ಭಾನುವಾರ ಕೂರ್ತಿದ್ದೀವಿ. ಸಂಘ ಅಂತ ಇನ್ನೂ ದೊಡ್ಡ ಹೆಸರಿಟ್ಟಿಲ್ಲ. ನಾಲ್ಕು ಮಾತು ಮಾಡಿಕೊಂಡಿದ್ದೀವಿ. ಒಂದು, ಯಾರೇ ಬಟ್ಟೆ ಕೊಟ್ಟರೂ ಕೈಯಿಂದ ಕೈಗೆ ಕೊಡಬೇಕು, ಎಸೆದ ಗಂಟು ಮುಟ್ಟಲ್ಲ. ಎರಡು, ಬೆಲೆ ಕೌದಿಗಲ್ಲ, ದಿನಕ್ಕೆ. ಎಷ್ಟು ದಿನ ಕೂತೆವೋ ಅಷ್ಟು ದಿನದ ಕೂಲಿ, ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಇಲ್ಲ. ಮೂರು, ಮಾರಿದ ಲೆಕ್ಕ ಎಲ್ಲರ ಮುಂದೆ ಓದಬೇಕು. ನಾಲ್ಕು, ಪ್ರತಿ ಕೌದಿಯ ಒಂದು ಮೂಲೆಯಲ್ಲಿ ಹೊಲಿದವರ ಹೆಸರು, ಊರು, ವರ್ಷ ದಾರದಲ್ಲೇ ಬರಬೇಕು.

ನಾಲ್ಕನೇದಕ್ಕೆ ನಮ್ಮವ್ವನದೇ ತಕರಾರು. "ನನಗ ಅಕ್ಷರ ಬರೂದಿಲ್ಲ. ಹೆಸರು ಹಾಕಿ ಏನ್ ಮಾಡ್ತಿ? ತೊಳದ್ರ ಹೋಕ್ಕೈತಿ" ಅಂದ್ಲು. ಹೋಗಲ್ಲ ಅವ್ವಾ, ದಾರ ಅದು ಅಂದೆ. ನಾನು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಗೆರೆಯ ಮೇಲೆ ಸೂಜಿ ಓಡಿಸಿದ್ಲು. ಒತ್ತಕ್ಷರದ ಹತ್ತಿರ ಸಿಕ್ಕಿಹಾಕಿಕೊಂಡು ಎರಡು ಸಲ ಬಿಚ್ಚಿ ಮತ್ತೆ ಹೊಲಿದ್ಲು. ಸಾಲು ಸಾಲು ನೇರ ಹೊಲಿಯೋ ಕೈಗೆ ಕನ್ನಡದ ಸುತ್ತು ಅಕ್ಷರ ಕಷ್ಟ ಆಯ್ತು. ಮುಗಿದ ಮೇಲೆ ಪಕ್ಕದ ಮನೆಯ ಹುಡುಗನನ್ನು ಕರೆದು ಓದು ಅಂದ್ಲು. ಅವನು ಓದಿದ. ಇನ್ನೊಂದು ಸಲ ಓದು ಅಂದ್ಲು.

ಆ ಕೌದಿ ಮಾರೋಕೆ ಇಟ್ಟಿಲ್ಲ. ಈ ಸಲ ಅದನ್ನು ನಾನು ಹೊದೀತಿದ್ದೀನಿ.

ನಿಮ್ಮ ಮನೆಯಲ್ಲಿ ಕೌದಿ ಇದ್ರೆ ಇವತ್ತೇ ತೆಗೆದು ನೋಡಿ. ಹೊಲಿದವರು ಬದುಕಿದ್ರೆ ಹೋಗಿ ಕೇಳಿ, ಯಾವ ಸೀರೆಯ ತುಂಡು ಇದು, ಯಾರು ಯಾರು ಜೊತೆಗೆ ಕೂತಿದ್ರಿ, ಎಷ್ಟು ಕೊಟ್ಟರು ಅಂತ. ಹೆಸರು, ಊರು ಬರೆದಿಡಿ. ಬದುಕಿಲ್ಲ ಅಂದ್ರೆ ಗೊತ್ತಿದ್ದವರು ಯಾರಾದ್ರೂ ಇರ್ತಾರೆ, ಅವರು ಹೋಗೋ ಮುಂಚೆ ಕೇಳಿ. ಐಹೊಳೆಯ ಕಲ್ಲಿನಲ್ಲಿ ನಮಗೆ ಜಾಗ ಸಿಗಲಿಲ್ಲ. ಬಟ್ಟೆ ನಮ್ಮ ಕೈಯಲ್ಲೇ ಇದೆ.

ಜೈಭೀಮ್.